ಹಗಲು ಮಲಗುವವನ ದಿಂಬು

ಮುಹರ್ರಕ್‌ನ ಗಲ್ಲಿಯ ಮೆಸ್ಸಿನಲ್ಲಿ
ಈರುಳ್ಳಿ ಹೆಚ್ಚುತ್ತಲೇ ಕನಸು ಬಿಡಿಸುತ್ತಾರೆ ಹಮ್ಮಬ್ಬಾಕ.
ಹಸಿರೆ? ಊರಿಂದ ಒಳ್ಳೆ ಸುದ್ದಿ.
ಬಿಳಿಯೆ? ಬಟ್ಟೆಯೋ ಹಾಲೋ, ಸರಿಯಾಗಿ ಹೇಳು ಮಾರಾಯ.
ಹಳದಿಯಾದರೆ ಕನಸು ಬಿಡು,
ಮೊದಲು ರಕ್ತ ಪರೀಕ್ಷೆ ಮಾಡಿಸು.

ನಾನು ಗ್ಯಾರೇಜಿನಲ್ಲಿ ಬಣ್ಣ ಬೆರೆಸುವವನು.
ಸಂಖ್ಯೆಗೊಂದು ಬಣ್ಣ, ಬಣ್ಣಕ್ಕೊಂದು ಡಬ್ಬಿ;
ಅರಬಿಯ ಕಾರಿನ ಗೀರು ಎಲ್ಲಿತ್ತೆಂದು
ಅವನಿಗೇ ತಿಳಿಯದ ಹಾಗೆ ಮುಚ್ಚಬಲ್ಲೆ.
ಮೂರು ರಾತ್ರಿಯಿಂದ ಕಾಣುವ ಈ ನೀಲಿ ಮಾತ್ರ
ನನ್ನ ಯಾವ ಪಟ್ಟಿಯಲ್ಲೂ ಇಲ್ಲ.

ನೀಲಿಯೊಳಗೊಬ್ಬ ಹೆಂಗಸು, ಬೆನ್ನು ತಿರುಗಿಸಿ,
ಬಕೆಟ್ಟಿನಿಂದ ಒಂದೊಂದೇ ಮೀನು ತೆಗೆದು ಎಣಿಸುತ್ತಾಳೆ.
ಹನ್ನೊಂದರ ಮೇಲೆ ಲೆಕ್ಕ ಹೋಗುವುದಿಲ್ಲ.
ಮತ್ತೆ ಒಂದರಿಂದ.
ಯಾವ ಭಾಷೆಯೋ. ಎಣಿಕೆಯೆಂದಷ್ಟೇ ಗೊತ್ತು.

ಹಮ್ಮಬ್ಬಾಕ ಚೂರಿ ಕೆಳಗಿಟ್ಟರು.
"ಹೆಂಡತಿಯಾ?" ಅಲ್ಲ.
"ಅಮ್ಮ?" ಅಮ್ಮನಿಗೆ ಮೀನಿನ ವಾಸನೆಯೇ ಆಗುವುದಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:
"ನಿನ್ನ ಮಂಚದಲ್ಲಿ ಹಗಲು ಯಾರು ಮಲಗುವುದು?"

ನೋಡಿಲ್ಲ. ನಾನು ಬರುವಾಗ ಹೋಗಿರುತ್ತಾನೆ.
ಬಾಂಗ್ಲಾದವನಂತೆ, ರಾತ್ರಿ ಪಾಳಿ.
ದಿಂಬಿನ ಗುಂಡಿ ಇನ್ನೂ ಬೆಚ್ಚಗೆ,
ಸಾಸಿವೆ ಎಣ್ಣೆಯ ಒಂದು ಕಲೆ.

"ಹಾಗಾದರೆ ಅದು ನಿನ್ನದಲ್ಲ," ಅಂದರು,
"ಅವನು ಮರೆತು ಬಿಟ್ಟುಹೋದದ್ದು.
ಅರ್ಥ ಕೇಳಬೇಡ. ಮಡಚಿಡು."

ಅವನಿಗೆ ನನ್ನ ಯಾವ ಬಣ್ಣ ಮೆತ್ತುತ್ತದೋ
ಹಗಲೆಲ್ಲ.

ಇವತ್ತು ದಿಂಬು ಮಗುಚಲಿಲ್ಲ.
ಹನ್ನೊಂದಕ್ಕೆ ಅವಳು ತಡವರಿಸಿದಾಗ
ಹನ್ನೆರಡು ಅಂದೆ, ಕನ್ನಡದಲ್ಲೇ.
ತಿರುಗಲಿಲ್ಲ.
ಬಕೆಟ್ಟಿಗೆ ಕೈ ಹಾಕಿದಳು.