ಕಂದು ಬಾರದ ಸ್ಲೈಡು

ಬ್ಲಾಕ್ ನಂಬರು ನಾಲ್ಕು ಸಾವಿರದ ನೂರಾ ಇಪ್ಪತ್ತೇಳು.
ಹೊಸನಗರದ ಕಡೆಯ ಕೂಸು, ಹದಿನಾಲ್ಕು ತಿಂಗಳು.
ಮೇಣದೊಳಗೆ ಅವರೆಕಾಳಿನಷ್ಟು ಗಡ್ಡೆ.
ನಾಲ್ಕು ಮೈಕ್ರಾನಿಗೆ ಕೊಯ್ದು ಬಿಸಿನೀರಿಗೆ ಬಿಟ್ಟೆ,
ಹಾಲಿನ ಕೆನೆಯ ಹಾಗೆ ಸುಕ್ಕು ಬಿಡಿಸಿಕೊಂಡಿತು.
ಗಾಜಿಗೆ ಎತ್ತಿ, ಒಣಗಿಸಿ, ಬಣ್ಣ ಹಾಕಿದೆ.

ಪ್ರತಿ ಜೀವಕೋಶದ ನಡುವೆ ಕಂದು ಬರಬೇಕಿತ್ತು.
ಬಂದದ್ದು ಬರೀ ನೀಲಿ.

ಮೊದಲು ಬೈದುಕೊಂಡದ್ದು ನನ್ನನ್ನೇ.
ನಿನ್ನೆ ರಾತ್ರಿ ಶಿವಮೊಗ್ಗಕ್ಕೆಲ್ಲ ಕರೆಂಟಿಲ್ಲ,
ಫ್ರಿಜ್ಜಿನಲ್ಲಿದ್ದ ದ್ರಾವಣ ಕೆಟ್ಟಿರಬೇಕು,
ಇಲ್ಲಾ ನಾನೇ ಹನಿ ತಪ್ಪಿಸಿರಬೇಕು.
ಆಮೇಲೆ ಮೂಲೆಯಲ್ಲೊಂದು ರಕ್ತನಾಳ ಕಂಡಿತು.
ಅದರ ಗೋಡೆಯ ಕೋಶಗಳು ಒಂದೊಂದೂ
ಹುರಿದ ಕಾಫಿಬೀಜದ ಕಂದು.
ಅಂದರೆ ಬಣ್ಣ ಸುಳ್ಳಾಡಿಲ್ಲ.
ಇಲ್ಲದ್ದು ನಿಜವಾಗಿಯೇ ಇಲ್ಲ.

ಅಮ್ಮ ದುರ್ಗಿಗುಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು,
ಬಾಬಿನ್ನು ತುಂಬಿಸುವುದು ನನ್ನ ಪಾಲು.
ಹಾಗಾಗಿ ನನಗೆ ಇದು ಬೇಗ ತಿಳಿಯಿತು:
ಕಣ್ಣಿಗೆ ಕಾಣದ ಕೋಶದಲ್ಲಿ ಎರಡು ಮೀಟರ್ ನೂಲು,
ಮೂರು ಕೋಟಿ ಬಾಬಿನ್ನಿಗೆ ಸುತ್ತಿಟ್ಟದ್ದು,
ಒಂದೊಂದಕ್ಕೆ ಎರಡು ಸುತ್ತೂ ಪೂರ್ತಿಯಿಲ್ಲ.
ನೂಲಿನ ಮೇಲೆಯೇ ಬರಹ.
ಸುತ್ತಿನೊಳಗೆ ಸಿಕ್ಕಿಕೊಂಡ ಸಾಲು
ಇದ್ದೂ ಇಲ್ಲದ ಹಾಗೆ.

ಅದಕ್ಕೇ ಒಂದು ಗುಂಪಿದೆ, ಹತ್ತು ಹನ್ನೆರಡು ಪ್ರೋಟೀನು,
ಗಾಂಧಿ ಬಜಾರಿನಲ್ಲಿ ಹೂತ ಗಾಡಿಗೆ ಹೆಗಲು ಕೊಡುವವರ ಹಾಗೆ.
ಐಸಾ ಎಂದು ಬಾಬಿನ್ನನ್ನು ಇಷ್ಟೇ ಇಷ್ಟು ಸರಿಸುತ್ತವೆ,
ಕೆಲವೊಮ್ಮೆ ಕಿತ್ತೇ ಬಿಸಾಡುತ್ತವೆ.
ಪ್ರತಿ ನೂಕಿಗೂ ಎಟಿಪಿ ಕೂಲಿ, ಕೈಗೆ ಕೈ, ಸಾಲ ಇಲ್ಲ.
ಏನು ಬರೆದಿದೆಯೆಂದು ಓದುವ ಗೋಜಿಗೆ ಹೋಗುವುದಿಲ್ಲ.
ಜಾಗ ಬಿಡಿಸುತ್ತವೆ, ಓದುವವರು ಬಂದು ಓದುತ್ತಾರೆ:
ನರವಾಗು. ಮೂತ್ರಪಿಂಡವಾಗು.
ಸಾಕು, ಇನ್ನು ಒಡೆಯಬೇಡ.

ಶೆಣೈ ಮೇಡಂ ಚಹಾ ಕುಡಿಯುತ್ತ ಒಮ್ಮೆ ಹೇಳಿದ್ದು:
ಈ ಗುಂಪಿನ ಸುಳಿವು ಮೊದಲು ಸಿಕ್ಕಿದ್ದು
ಬೇಕರಿಯವರು ಹಿಟ್ಟಿಗೆ ಹಾಕುವ ಯೀಸ್ಟಿನಲ್ಲಂತೆ.
ಎದುರಿಗೆ ಸಕ್ಕರೆ ಇದ್ದೂ ತಿನ್ನಲಾರದ ಯೀಸ್ಟು.
ತಿನ್ನುವ ವಿದ್ಯೆ ಒಳಗೇ ಇತ್ತು, ಮಡಿಕೆ ಬಿಚ್ಚುವವರಿರಲಿಲ್ಲ.
ನಾವು ನಕ್ಕೆವು ಆಗ. ಬನ್ನು ತಿಂದೆವು.

ಈ ಕೂಸಿನ ಗಡ್ಡೆಯಲ್ಲಿ ಗುಂಪಿಗೆ ಒಬ್ಬ ಕಮ್ಮಿ.
ಒಬ್ಬನೇ.
ಉಳಿದವರು ಬಂದಿದ್ದಾರೆ, ಹೆಗಲೂ ಕೊಟ್ಟಿದ್ದಾರೆ,
ನೂಕು ಎಲ್ಲಿಗೋ ಬೀಳುತ್ತಿದೆ.
ಸಾಕು ಎನ್ನುವ ಸಾಲು
ಅಳಿಸದೆ, ಹರಿಯದೆ, ಸುತ್ತಿನೊಳಗೇ ಇದೆ.

ಹೊರಗೆ ಬೆಂಚಿನ ಮೇಲೆ ಹೂವಪ್ಪ, ಕೂಸಿನ ಅಪ್ಪ.
ಕೈಯಲ್ಲಿ ಅದರದ್ದೇ ಒಂದು ಕುಲಾವಿ.
‘ಎಂತ ಕಂಡ್ತು ಅಕ್ಕಾ?’
ಹೇಳುವ ಅಧಿಕಾರ ನನಗಿಲ್ಲ.
‘ಇನ್ನೊಂದು ಸಲ ನೋಡ್ಬೇಕು’ ಎಂದೆ. ಅದು ಸುಳ್ಳಲ್ಲ.
ಇನ್ನೊಂದು ಸ್ಲೈಡು ಮಾಡಿದೆ, ಬಿಲ್ಲಿಗೆ ಬರೆಯಲಿಲ್ಲ.
ಹೊಸ ಬಾಟಲಿ ಒಡೆದು, ಗಡಿಯಾರ ನೋಡುತ್ತ
ಒಂದೊಂದೇ ಹನಿ ಬಿಟ್ಟೆ.

ನೀಲಿ. ನಡುವೆ ಅದೇ ನಾಳ, ಕಂದು.
ಅದೂ ಈ ಕೂಸಿನದೇ ಅಲ್ಲವೇ.
ಅದರೊಳಗೆ ಎಲ್ಲರೂ ಕೆಲಸಕ್ಕೆ ಬಂದಿದ್ದಾರೆ.

ಮೇಡಮ್ಮಿಗೆ ಚೀಟಿ ಬರೆದಿಟ್ಟೆ:
ಗಡ್ಡೆಯ ಕೋಶಗಳಲ್ಲಿ, ಇಲ್ಲ.
ರಕ್ತನಾಳದಲ್ಲಿ, ಇದೆ.
ಇದೆ ಎನ್ನುವಲ್ಲಿ ಪೆನ್ನು
ಬೇಕಿದ್ದಕ್ಕಿಂತ ಜೋರಾಗಿ ಒತ್ತಿತು.