ಏಳರಿಂದ ಹತ್ತಕ್ಕೆ

ಬಂದರಿನ ಮೆಣಸಿನ ಗೋಡೌನಿನ ಮಾಳಿಗೆಯಲ್ಲಿ ನನ್ನ ಅಂಗಡಿ.
ಸಿಪಿಯು ಬಿಚ್ಚಿದ ಕೂಡಲೆ ಉಳ್ಳಾಲದ ತೌಸೀಫ್
ಆರು ಸಲ ಸೀನಿದ.
'ಇದಕ್ಕೆ ಹತ್ತು ಹಾಕುವ ಬಾಯಮ್ಮ,
ಹನ್ನೊಂದು ಹೊರುವ ಪ್ರಾಯ ಅಲ್ಲ ಇದರದ್ದು.'
ಏಳು ಕಳೆದರೆ ಎಂಟು ಉಂಟಂತೆ,
ಒಂಬತ್ತು ಹುಟ್ಟಲೇ ಇಲ್ಲವಂತೆ.
ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ನೀಲಿ ಪರದೆಯಲ್ಲಿ ಬಿಳಿ ಚುಕ್ಕೆಗಳು ಸುತ್ತಿದವು.
ನಲವತ್ತೊಂದು ಪರ್ಸೆಂಟಿನಲ್ಲಿ ಗಂಟೆಗಟ್ಟಲೆ.
ಕರೆಂಟು ಹೋದರೆ ಎಂಬ ಹೆದರಿಕೆಗೆ
ಫ್ಯಾನು ಕೂಡ ಹಾಕದೆ ಕೂತೆ.
ಕೆಳಗೆ ಗೋಣಿ ಇಳಿಸುವವರು ಎಣಿಸುತ್ತಿದ್ದರು,
ಅವರ ನೂರು ಬೇಗ ಆಯಿತು.

ಸಂಜೆಗೆ ಹೊಸ ಪರದೆ ಬಂತು,
ಯಾರದೋ ಊರಿನ ಸಮುದ್ರ, ನಮ್ಮದಕ್ಕಿಂತ ಚೊಕ್ಕ.

ಮರುದಿನ ಬೋಳಾರದ ವಾರಿಜ ಬಂದಳು.
ತಾಯಿಯ ಉತ್ತರಕ್ರಿಯೆ, ಮುನ್ನೂರು ಕಾರ್ಡು.
'ಅಪ್ಪನಿಗೆ ಬರೆದಿರಲ್ಲ, ಅದೇ ಮಾತು ಇರಲಿ.'
ಹದಿನಾಲ್ಕು ವರ್ಷದ ಹಿಂದಿನ ಫೈಲು. ತೆರೆದೆ.
ಕನ್ನಡ ಇಲ್ಲ.
ಹಳೆ ಫಾಂಟು ಏಳರ ಜೊತೆಗೇ ಹೋಗಿತ್ತು,
ಅದರ ಸಿಡಿಗೆ ಬೂಸಲು ಬಂದು ಎಷ್ಟೋ ಮಳೆಗಾಲ ಆಯಿತು.
ಪರದೆ ತುಂಬ ಹಣ ಬದಲಿಸುವ ಅಂಗಡಿಯ ಬೋರ್ಡಿನ ಹಾಗೆ
ಯೆನ್, ಪೌಂಡು, ಸೆಂಟು.

ವಾರಿಜ ಬಗ್ಗಿ ನೋಡಿದಳು.
'ಇದು ನಮ್ಮ ಅಪ್ಪನಾ?'

ಫಾಂಟು ತಪ್ಪಿದಾಗಲೆಲ್ಲ ನಾನು ಕಂಡ ಮುಖಗಳೇ ಇವು.
ಪೌಂಡು ಅಂದರೆ ನ. ಯೆನ್ ಅಂದರೆ ಪ.
ಸೆಂಟಿನ ಪಕ್ಕ ಪೌಂಡು ಕೂತರೆ ದಿನ.
ಬೆರಳಿಟ್ಟು ಓದುತ್ತಾ ಹೋದೆ, ಒಂದನೇ ಕ್ಲಾಸಿನವಳ ಹಾಗೆ,
ವಾರಿಜ ಕರೆಂಟು ಬಿಲ್ಲಿನ ಹಿಂದೆ ಬರೆದುಕೊಂಡಳು.

ಹೆಸರಿಗೆ ಬಂದು ನಿಂತೆ.
ತನಿಯ ಆದ ಮೇಲೆ ಯೆನ್ ಉಂಟು.
ಅದರ ಬೆನ್ನಿಗೆ, ನೆತ್ತಿಯ ಮೇಲೆ ಗೀರು ಇರುವ
ಇಂಗ್ಲಿಷಿನ ಸಣ್ಣ ಎ ಬರಬೇಕು. ಅದೇ ಒತ್ತು.
ಇಲ್ಲ.
ತನಿಯಪ.
ಮುನ್ನೂರು ಮನೆಗೆ ಹೀಗೇ ಹೋಗಿದ್ದಾರೆ ಅವರು.
ಕನ್ನಡದಲ್ಲಿ ಇದ್ದಾಗ ನನ್ನ ಕಣ್ಣಿಗೆ ಬೀಳದ್ದು.

'ನಮಗೆ ಗೊತ್ತಿತ್ತು ಬಾಯಮ್ಮ.
ಅಮ್ಮನೇ ಮೊದಲು ಕಂಡದ್ದು, ಎರಡನೇ ಕ್ಲಾಸು ಓದಿದ ಅಮ್ಮ.
ಆ ಹೊತ್ತಲ್ಲಿ ನಿಮ್ಮ ಹತ್ತಿರ ಲಡಾಯಿಗೆ ಬರುವುದಾ?
ಚಾಪೆ ಹಾಸಿ ಕೂತು ಒಂದೊಂದು ಕಾರ್ಡಿಗೂ
ಪೆನ್ನಲ್ಲಿ ಒತ್ತು ಕೊಟ್ಟರು.
ಎಪ್ಪತ್ತರವರೆಗೆ ಆಯಿತು. ಮತ್ತೆ ಕೈ ನೋವು ಬಂತು.'

ನಾನು ಮೌಸು ಬಿಟ್ಟು ಕನ್ನಡಕ ಒರೆಸಿದೆ.
ಹೊಸ ಫಾಂಟಿನಲ್ಲಿ ಮೊದಲಿಂದ ಟೈಪು ಮಾಡಿದೆ:
ದಿವಂಗತ ತನಿಯಪ್ಪನವರ ಪತ್ನಿ ಮುತ್ತಕ್ಕ.
ಒತ್ತು ಎಣಿಸಿದೆ, ನಾಲ್ಕು.
ವಾರಿಜ ಇನ್ನೊಮ್ಮೆ ಎಣಿಸಿದಳು, ಪರದೆಗೆ ಬೆರಳು ತಾಗಿಸಿ.

ಕೆಳಗೆ ಯಾರೋ ಗೋಣಿ ಎತ್ತಿ ಹಾಕಿದರು.
ಘಾಟು ಮೆಟ್ಟಿಲು ಹತ್ತಿ ಬಂತು,
ಇಬ್ಬರೂ ಸೀನಿದೆವು.