ಒಣ ಸೇತುವೆಯ ಕುದುರೆ

ತ್ಬಿಲಿಸಿಯಲ್ಲೊಂದು ಒಣ ಸೇತುವೆ,
ಮೇಲೆ ಹಳೆ ಸಾಮಾನಿನ ಸಂತೆ.
ಕೆಳಗೆ ಹರಿಯುತ್ತಿದ್ದ ಹೊಳೆ
ಯಾವ ಕಾಲಕ್ಕೋ ಬತ್ತಿತಂತೆ.

ನೆಸ್ತಾನ್ ಕರಡಿಗೆ ಕೀಲಿ ಕೊಟ್ಟಳು:
ತಮಟೆ ಬಾರಿಸಿತು, ನಿಂತಿತು, ಅಷ್ಟೇ.
ಗುಂಡಿ ಒತ್ತಿದರೆ ಬೊಂಬೆ
'ಹಸಿವು' ಅಂದಿತು. ಮಗ ಸಬಾ
ಬೊಗಸೆಯಲ್ಲಿ ಉಣಿಸಿದ,
ಮತ್ತೂ 'ಹಸಿವು' ಅಂದಿತು.
ಕೆಳಗಿಟ್ಟ.

ಆಮೇಲೆ ಅವನು ಎತ್ತಿದ್ದು
ಬಣ್ಣ ಹೋದ ಮರದ ಕುದುರೆ.
ಕಾಲು ಮೂರೇ.
'ಅದು ಮುರಿದದ್ದು, ಏನೋ ಚಿಲ್ಲರೆ ಕೊಡಿ,'
ಮುದುಕ ವಾಝಾ ನಾಚಿಕೊಂಡ.

'ಮುರಿದಿಲ್ಲ.
ಒಂದು ಕಾಲು ನೀರೊಳಗಿದೆ,
ಎಷ್ಟು ಆಳ ಅಂತ ನೋಡ್ತಿದೆ.'

ನೆಸ್ತಾನ್ ಮಾತಾಡದೆ
ನಾಲ್ಕು ಕಾಲಿನ ಬೆಲೆಯನ್ನೇ ಎಣಿಸಿಟ್ಟಳು.
ಕುದುರೆ ಕಲ್ಲುಹಾಸಿನ ಮೇಲೆ
ಈಸುತ್ತ ಹತ್ತಿರ ಬಂತು.

ವಾಝಾ ಮೆಲ್ಲಗೆ
ತನ್ನ ಬೂಟುಗಳನ್ನು
ಹಿಂದಕ್ಕೆಳೆದುಕೊಂಡ.